ಎಲ್ಲಿಗೆ ಎಂದು ಕೇಳಬಾರದು

ನಮ್ಮ ಕಡೆ ಮನೆಯಿಂದ ಹೊರಟವರನ್ನು "ಎಲ್ಲಿಗೆ?" ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಲೇಬೇಕೆಂದಿದ್ದರೆ "ದೂರ ಹೊರಟ್ರಾ?" ಎನ್ನಬೇಕು. ಅವರು "ಹೂಂ, ಸ್ವಲ್ಪ ದೂರ" ಅನ್ನುತ್ತಾರೆ. ಪಕ್ಕದ ಮನೆಗೆ ಹೆಪ್ಪಿಗೆ ಮಜ್ಜಿಗೆ ತರಲು ಹೋಗುವವರೂ ಅಷ್ಟೇ ಹೇಳುತ್ತಾರೆ, ಕಾಶಿಗೆ ಹೋಗುವವರೂ ಅಷ್ಟೇ ಹೇಳುತ್ತಾರೆ. ಇದು ನರಸಿಂಹರಾಜಪುರದ ಹಸುಗೂಸಿಗೂ ಗೊತ್ತು. ಗೊತ್ತಿದ್ದೂ ಒಪ್ಪದವರು ಇಡೀ ಊರಿಗೆ ಒಬ್ಬರೇ ಇದ್ದರು. ಅವರನ್ನೇ ಹುಡುಕಿ ತಂದು ನನಗೆ ಗಂಟು ಹಾಕಿದ್ದರು.

ಊರಿಗೆ ಅವರು ಮಿಡ್ಲ್ ಸ್ಕೂಲಿನ ಹೆಡ್ ಮೇಷ್ಟ್ರು ಮರುಳಸಿದ್ದಪ್ಪ. ನನಗೆ ಬರೀ "ಇವರು". ಬೆಕ್ಕು ಅಡ್ಡ ಬಂದರೆ ಬೇಕೆಂದೇ ಅದರ ಹಿಂದೆ ನಾಲ್ಕು ಹೆಜ್ಜೆ ಹೋಗಿ ಬರುವ ಜಾತಿ. ನಲವತ್ತಮೂರನೆಯ ಇಸವಿಯ ಬೇಸಿಗೆ ರಜೆಯಲ್ಲಿ ಇವರಿಗೆ ಮೈಸೂರಿನ ಯೂನಿವರ್ಸಿಟಿಯಿಂದ ಒಂದು ಕಾಗದ ಬಂತು. ಪರೀಕ್ಷೆ ಮುಗಿಸಿ ಡಿಗ್ರಿ ತೆಗೆದುಕೊಳ್ಳುವ ಹುಡುಗರು ಮುಂದೆ ಏನು ಮಾಡುತ್ತಾರೆ, ಯಾವ ಊರಿಗೆ ಹೋಗುತ್ತಾರೆ ಎಂಬುದು ನಮಗೆ ತಿಳಿಯುತ್ತಿಲ್ಲ, ಕಾರ್ಡು ಕಳಿಸಿದರೂ ನಿಮ್ಮ ಸೀಮೆಯವರು ಉತ್ತರ ಬರೆಯುವುದಿಲ್ಲ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹುಡುಗರಿಗೆ ತಾವು ಒಂದು ಮಾತು ಹೇಳಿ ಬರೆಸಬೇಕು ಎಂದು ಅದರಲ್ಲಿತ್ತು.

"ನೋಡು ನೀಲಾ, ಯೂನಿವರ್ಸಿಟಿ ನನ್ನ ಸಹಾಯ ಕೇಳ್ತಿದೆ!" ಎಂದು ಇವರು ಕಾಗದ ಹಿಡಿದುಕೊಂಡು ಅಡಿಗೆಮನೆಗೇ ಬಂದರು.

"ಕೇಳಿರೋದು ಎಂತ ಅಂತ ಓದಿದ್ರಾ? ಎಲ್ಲಿಗೆ ಹೋಗ್ತೀರಿ ಅಂತ ಹುಡುಗರನ್ನ ಕೇಳ್ಬೇಕಂತೆ. ಕೇಳಬಾರದ ಮಾತನ್ನೇ ಮನೆಮನೆಗೆ ಹೋಗಿ ಕೇಳ್ತೀರಾ? ಪೊರಕೆ ಸೇವೆ ಆಗತ್ತೆ, ನೋಡಿ."

"ಮೂಢನಂಬಿಕೆ. ಒಂದು ಪ್ರಶ್ನೆಯಿಂದ ಯಾರೂ ಸಾಯಲ್ಲ."

ಈ ಮಾತು ಕೇಳಿ ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಇವರಿಗೂ ಆಡಿದ ಮೇಲೆ ಅರಿವಾಯಿತು. ಮಾತು ಬದಲಿಸಿ ಹೊರಗೆ ಹೋದರು.

ಯಾಕೆಂದು ಹೇಳುತ್ತೇನೆ. ನನ್ನ ತವರು ಅದೇ ಬೀದಿಯಲ್ಲಿತ್ತು. ನಮ್ಮ ಮನೆಗೂ ತವರಿಗೂ ನಡುವೆ ಒಂದು ಬಾವಿ ಮಾತ್ರ. ಅಲ್ಲಿ ನನ್ನ ಅವ್ವ ಕಲ್ಲಮ್ಮ, ವಿಧವೆ ಅತ್ತಿಗೆ ಗಂಗಾಂಬಿಕೆ, ತಮ್ಮ ವೀರಪ್ಪ, ಇಷ್ಟೇ ಜನ. ನನ್ನ ಅಣ್ಣ ಲಿಂಗಪ್ಪ ತೀರಿಕೊಂಡು ಆಗಲೇ ಹಲವು ಮಳೆಗಾಲ ಕಳೆದಿತ್ತು. ಅವನು ಹೋದ ದಿನ ಆಷಾಢದ ಬೆಳಿಗ್ಗೆ. ಅಂಗಿ ತೊಟ್ಟು, ಕೊಡೆ ಹಿಡಿದು ಹೊಸ್ತಿಲು ದಾಟಿದವನನ್ನು ಅತ್ತಿಗೆ "ಎಲ್ಲಿಗೆ ಹೊರಟ್ರಿ?" ಎಂದು ಕೇಳಿಬಿಟ್ಟಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಬಾಯಿ ತಪ್ಪಿ ಬಂತು. ಅಣ್ಣ ಮುಖ ಗಂಟಿಕ್ಕಿಕೊಂಡು ಒಳಗೆ ಬಂದ. ಹಾಗೆ ಕೇಳಿಸಿಕೊಂಡವರು ಒಳಗೆ ಬಂದು ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು. ಆಗ ದೋಷ ಕಳೆಯುತ್ತದೆ. ಅಣ್ಣ ಕೂತ, ನೀರು ಕುಡಿದ, ಉತ್ತರ ಕೊಡದೆ ಎದ್ದು ಹೋದ. ಅವನು ಹೋಗಿದ್ದು ಭದ್ರೆಯ ಆಚೆ ದಡಕ್ಕೆ. ಹಿಂದಿನ ರಾತ್ರಿಯೇ ಹೊಳೆ ಏರಿ ಅಂಬಿಗರು ದೋಣಿ ಬಿಚ್ಚುವುದಿಲ್ಲವೆಂದು ಕೂತಿದ್ದರು. ಇವನು ಕಾಡುದಾರಿ ಹಿಡಿದು, ಮೇಲುಗಡೆ ಯಾರದೋ ಹರಿಗೋಲು ಕಟ್ಟಿದ್ದನ್ನು ಬಿಚ್ಚಿಕೊಂಡು ಹೊಳೆಗಿಳಿದ. ನಾವು ಅವನನ್ನು ಶಿವಮೊಗ್ಗದ ರಸ್ತೆಯಲ್ಲಿ ಹುಡುಕುತ್ತಿದ್ದೆವು. ಎಲ್ಲಿಗೆ ಹೋದನೆಂದು ಗೊತ್ತಿದ್ದರೆ ತಾನೇ!

ಅವತ್ತಿನಿಂದ ಅವ್ವನ ಬಾಯಲ್ಲಿ ಅತ್ತಿಗೆಗೆ ಒಂದೇ ಹೆಸರು: "ಕೇಳಿ ಕೊಂದವಳು." ಯಾರಾದರೂ ಹೊರಡುವ ಹೊತ್ತಿಗೆ ಅತ್ತಿಗೆ ಹಿತ್ತಲಿನ ಒರಳುಕಲ್ಲಿನ ಹತ್ತಿರ ಹೋಗಿ ಕೂರಬೇಕು. ಎದುರಿಗೆ ಬರಬಾರದು, ಬಾಯಿ ಬಿಡಬಾರದು. ಕ್ರಮೇಣ ಅವಳು ಯಾರನ್ನೂ ಏನನ್ನೂ ಕೇಳುವುದನ್ನೇ ಬಿಟ್ಟಳು. ಅನ್ನ ಬೇಕಾ ಎಂದೂ ಕೇಳುತ್ತಿರಲಿಲ್ಲ, ಸುಮ್ಮನೆ ಬಡಿಸುತ್ತಿದ್ದಳು. ನಾನು ಅವ್ವನ ಜೊತೆ ಇದಕ್ಕಾಗಿ ಜಗಳವಾಡಿದ್ದೇನೆ, ಊಟ ಬಿಟ್ಟಿದ್ದೇನೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು, ಅಷ್ಟೇ.

ಇರಲಿ. ಇವರು ಮಾತ್ರ ಛತ್ರಿ, ಚೀಲ ಹಿಡಿದು ಹೊರಟೇ ಹೊರಟರು. ಹರಿಹರಪುರದಲ್ಲಿ ವನಜಮ್ಮ ಎನ್ನುವವರ ಮಗ ಬಿ.ಎ. ಮುಗಿಸಿದ್ದ. ಇವರು ಜಗಲಿಯಲ್ಲಿ ಕೂತು, ಮುಂದೇನು ಎಂದು ಕೇಳಿದ ಕೂಡಲೇ ಆಯಮ್ಮ ಕಾಫಿ ಲೋಟ ಕೆಳಗಿಟ್ಟು, "ಮುಂದೇನೂ ಇಲ್ಲ ಮೇಷ್ಟ್ರೇ, ಮನೇಲೇ ಇರ್ತಾನೆ, ತೋಟ ನೋಡ್ಕೋತಾನೆ" ಅಂದರಂತೆ. ಮಂಚದ ಕೆಳಗೆ ಹೊಸ ಟ್ರಂಕು ಇತ್ತು, ಅದರ ಮೇಲೆ ಹುಡುಗನ ಹೆಸರೂ 'ಬಾಂಬೆ' ಎಂದೂ ಬಿಳಿ ಬಣ್ಣದಲ್ಲಿ ಬರೆದಿತ್ತು. ಇವರ ಕಣ್ಣು ಅತ್ತ ಹೋದದ್ದೇ ಆಯಮ್ಮ ಅದರ ಮುಂದೆ ಸೀರೆ ಹರಡಿಕೊಂಡು ಕೂತರಂತೆ. ನೆಮ್ಮಾರಿನಲ್ಲಿ ಸುಬ್ಬಲಕ್ಷ್ಮಿ ಎನ್ನುವ ಮುದುಕಿ ಇನ್ನೂ ಗಟ್ಟಿ. "ನಮ್ಮ ಮಾಣಿ ಎಲ್ಲಿಗೂ ಹೋಪದಿಲ್ಲೆ. ನಿಮಗೆಂತಕ್ಕೆ ಅದು?" ಎಂದು ಬಾಗಿಲು ಮುಂದೆ ಮಾಡಿದಳಂತೆ.

ಇವರು ಬಿಡುವವರೇ? ಉಡದ ಹಿಡಿತ. ಪ್ರತಿಯೊಬ್ಬ ಹುಡುಗನ ಮುಂದೆ ಕೂತು, ದೇಶ, ವಿದ್ಯೆ, ಕರ್ತವ್ಯ ಎಂದು ಭಾಷಣ ಮಾಡಿ ಕಾರ್ಡು ಬರೆಸಿಯೇ ಎದ್ದರು. ಹುಡುಗರೂ ಬರೆದುಕೊಟ್ಟರು. ಎಲ್ಲರೂ ಬರೆದದ್ದು ಒಂದೇ: "ಊರಿನಲ್ಲೇ ಇದ್ದು ಜಮೀನು ನೋಡಿಕೊಳ್ಳುತ್ತೇನೆ." ಮನೆಯಲ್ಲೇ ಇರುತ್ತೇನೆ ಎಂದರೆ ಅದು ಪ್ರಯಾಣವಲ್ಲ, ಪ್ರಯಾಣವಲ್ಲದ್ದು ಕೆಡುವ ಹಾಗಿಲ್ಲ. ಅಷ್ಟು ಬುದ್ಧಿ ಎಲ್ಲ ತಾಯಂದಿರಿಗೂ ಇತ್ತು. ಮೈಸೂರಿನವರು ಅದನ್ನು ಓದಿ, ಮಲೆನಾಡಿನ ಪದವೀಧರರು ಒಬ್ಬರೂ ಬಿಡದೆ ಭೂಮಿಗೆ ಮರಳುತ್ತಿರುವುದು ಇಡೀ ಸಂಸ್ಥಾನಕ್ಕೆ ಮೇಲ್ಪಂಕ್ತಿ ಎಂದು ಇವರಿಗೆ ಅಭಿನಂದನೆ ಬರೆದರು. ಇವರು ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆಂದು ಕುಣಿದಾಡಿದರು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕೆ. ಆದರೆ ಆ ನಗು ಬಹಳ ದಿನ ಉಳಿಯಲಿಲ್ಲ. ನನ್ನ ತಮ್ಮ ವೀರಪ್ಪನೂ ಆ ವರ್ಷವೇ ಬಿ.ಎಸ್‌ಸಿ. ಮುಗಿಸಿ ಬಂದಿದ್ದ. ಅವನೂ ಭಾವನ ಮುಂದೆ ಕೂತು, ಕಣ್ಣೆತ್ತದೆ ಅದೇ ಮಾತು ಬರೆದಿದ್ದ.

ಬರೆದ ವಾರಕ್ಕೇ ಅವನು ಬೂಟು ಹೊಲಿಸಿಕೊಂಡ. ಅದೂ ಹಿಮ್ಮಡಿಗೆ ಲಾಳ ಬಡಿದ ಬೂಟು. ಬೆಳಕು ಹರಿಯುವ ಮುಂಚೆ ಎದ್ದು ಅದನ್ನು ಹಾಕಿಕೊಂಡು ಹೊಳೆಯವರೆಗೆ ಓಡಿ, ಬೆವರು ಸುರಿಸಿಕೊಂಡು ಬರುತ್ತಿದ್ದ. ತಲೆಗೂದಲು ಬೋಳಿಸಿದಷ್ಟು ಗಿಡ್ಡ ಮಾಡಿಸಿದ. ತನ್ನ ಸೈಕಲ್ಲನ್ನು ಸ್ನೇಹಿತನಿಗೆ ಕೊಟ್ಟುಬಿಟ್ಟ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಪೇಪರು ಬಿಚ್ಚಿದರೆ ಸಾಕು, ಬರ್ಮಾದಲ್ಲಿ ಜಪಾನಿನವರು, ಸತ್ತವರೆಷ್ಟು, ಸಿಕ್ಕಿಬಿದ್ದವರೆಷ್ಟು. ಓದಿದ ಹುಡುಗರು ಬೇಕು, ಮಿಲಿಟರಿಗೆ ಸೇರಿ ಎಂದು ಪೇಟೆಯ ಗೋಡೆಗೆಲ್ಲ ಚಿತ್ರ ಅಂಟಿಸಿದ್ದರು. ಇವನು ಅಲ್ಲಿಗೇ ಹೋಗುತ್ತಾನೆ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಹೇಳದೆ ಹೋಗುತ್ತಾನೆ, ಅಣ್ಣನ ಹಾಗೆ. ಏನಾದರೂ ಆದರೆ ಯಾವ ರಸ್ತೆಯಲ್ಲಿ ಹುಡುಕುವುದು?

"ರೀ, ಅವನ ಬೂಟು ನೋಡಿದ್ರಾ?" ಎಂದು ಇವರನ್ನು ಕೇಳಿದೆ.

"ನೋಡ್ದೆ. ಒಳ್ಳೇದೇ ಆಯ್ತು. ತೋಟದಲ್ಲಿ ಹಾವಿನ ಭಯ ಇರಲ್ಲ."

"ನಿಮ್ಮ ತಲೆ! ಹಾವಿಗೆ ಹೆದರಿ ಯಾರಾದ್ರೂ ತಲೆ ಬೋಳಿಸ್ಕೋತಾರಾ? ಅವನನ್ನ ಕೂರಿಸ್ಕೊಂಡು ಇನ್ನೊಂದ್ಸಲ ಕೇಳಿ."

"ಅವನೇ ಕೈಯಾರೆ ಬರೆದುಕೊಟ್ಟಿದಾನಲ್ಲ ನೀಲಾ. ಬರೆದದ್ದನ್ನ ನಂಬಬೇಕು."

ಓದಿದವರ ಜೊತೆ ಬಾಳುವುದು ಸುಲಭವಲ್ಲ. ನಾನೇ ಕೇಳುತ್ತೇನೆ ಎಂದು ಬಾವಿಯ ಹತ್ತಿರ ಅವನನ್ನು ಹಿಡಿದು ನಿಲ್ಲಿಸಿದೆ. ಕೈಯಲ್ಲಿ ಬಾವಿಯ ಹಗ್ಗವಿತ್ತು. ಬಾಯಿ ತೆರೆದರೆ ಬಂದದ್ದು ಅದೇ ಹಾಳು ಮಾತು.

"ದೂರವೇನೋ, ವೀರಪ್ಪ?"

"ಹೂಂ ಅಕ್ಕಾ. ಸ್ವಲ್ಪ ದೂರ."

"ಸ್ವಲ್ಪ ಅಂದ್ರೆ?"

ಅವನು ನಕ್ಕ. ಆ ನಗುವಿನಲ್ಲಿ ಸಂತೋಷವಿರಲಿಲ್ಲ. "ನಮ್ಮನೇಲಿ ಯಾರೂ ಯಾರನ್ನೂ ಏನೂ ಕೇಳಲ್ಲ ಅಕ್ಕಾ. ಅದು ಎಷ್ಟು ಅನುಕೂಲ ಅಂತ ಈಗ ಗೊತ್ತಾಗ್ತಿದೆ" ಎಂದು ಕೊಡ ಎತ್ತಿಕೊಂಡು ಹೋದ. ಆ ಹಗ್ಗದಲ್ಲೇ ನಾಲ್ಕು ಬಿಗಿಯೋಣ ಅನ್ನಿಸಿತು. ಬಿಗಿಯಬೇಕಿತ್ತು. ಆದರೆ ನನ್ನ ನಾಲಿಗೆಗೆ 'ಎಲ್ಲಿಗೆ' ಎಂಬ ಆ ಒಂದು ಶಬ್ದ ಮಾತ್ರ ಬರಲಿಲ್ಲ. ಕೇಳಿ, ನಾಳೆ ಏನಾದರೂ ಆದರೆ ಅವ್ವನ ಬಾಯಿಗೆ ನಾನೂ ಸಿಕ್ಕುತ್ತೇನಲ್ಲ ಎಂಬ ಹೆದರಿಕೆ ನನಗೂ ಇತ್ತು.

ಅವನು ಹೊರಟ ದಿನ ಬೆಳಿಗ್ಗೆ ಅವ್ವ ನನ್ನನ್ನೂ ಇವರನ್ನೂ ಕರೆಸಿದ್ದಳು. ಅವನು ಪೂಜೆ ಮುಗಿಸಿ ಬಂದ. ಅವ್ವ ಅವನ ಹಣೆಗೆ ವಿಭೂತಿ ಇಟ್ಟು, ಅಂಗೈಗೆ ಮೊಸರು ಸಕ್ಕರೆ ಹಾಕಿದಳು. "ದೂರವೇನೋ ಮಗಾ?" "ಹೂಂ ಅವ್ವಾ." ಮುಗಿಯಿತು. ಹಾಸಿಗೆಯ ಸುರುಳಿ ಜಗಲಿಯ ಮೇಲಿತ್ತು. ಟ್ರಂಕು ಹಿಂದಿನ ದಿನವೇ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿತ್ತು. ಅದು ಬೀದಿಯಲ್ಲಿ ಹೋಗುವುದನ್ನು ಎಲ್ಲರೂ ನೋಡಿದ್ದರು. ಅವ್ವನೂ ನೋಡಿದ್ದಳು. ನೋಡಲಿಲ್ಲವೆಂಬಂತೆ, "ಬೇಗ ಬಾರಪ್ಪ, ಸೌತೆಬೀಜ ಹಾಕೋದಿದೆ" ಅಂದಳು. ಅವನು ಅವ್ವನ ಕಾಲಿಗೆರಗಿದ. ಏಳಲು ತಡಮಾಡಿದ. ನನಗೆ ಅಳು ಉಕ್ಕಿ ಬಂತು. ಅತ್ತರೆ ಅದೂ ಅಪಶಕುನ!

ಅವನು ಹಾಸಿಗೆಯನ್ನು ಹೆಗಲಿಗೇರಿಸಿ ಹೊಸ್ತಿಲು ದಾಟಿ ಮೆಟ್ಟಿಲಿಗೆ ಕಾಲಿಟ್ಟ. ಆಗ ಹಿತ್ತಲ ಬಾಗಿಲಿಂದ ಅತ್ತಿಗೆ ನಡುಮನೆಗೆ ಬಂದಳು. ಕೈ ಹಿಟ್ಟಾಗಿತ್ತು. ಹೊರಡುವ ಹೊತ್ತಿನಲ್ಲಿ ಅವಳನ್ನು ಅಲ್ಲಿ ನೋಡಿ ಎಷ್ಟು ಕಾಲವಾಗಿತ್ತೋ! ಅವ್ವ "ಏಯ್" ಅನ್ನುವಷ್ಟರಲ್ಲಿ ಅವಳು ನಮ್ಮೆಲ್ಲರನ್ನೂ ದಾಟಿ ಬಾಗಿಲಲ್ಲಿ ನಿಂತಿದ್ದಳು.

"ಎಲ್ಲಿಗೆ, ವೀರಪ್ಪ?"

ಬೀದಿಗೆ ಕೇಳುವ ಹಾಗೆ ಕೇಳಿದಳು. ಎದುರುಮನೆಯ ಕರಿಯಕ್ಕ ಅಂಗಳ ಗುಡಿಸುತ್ತಿದ್ದವಳು ಪೊರಕೆ ಬಿಟ್ಟು ನಿಂತಳು. ವೀರಪ್ಪ ಬಿಳಿಚಿಕೊಂಡ. ಆದರೂ ರಿವಾಜು ರಿವಾಜೇ. ಅವನು ಒಳಗೆ ಬಂದ, ಹಾಸಿಗೆ ಇಳಿಸಿದ, ಮಣೆಯ ಮೇಲೆ ಕೂತ. ನಾನು ನೀರು ತಂದುಕೊಟ್ಟೆ. ಕುಡಿದು ಎದ್ದ. ಅತ್ತಿಗೆ ಎರಡೂ ಕೈಗಳಿಂದ ಬಾಗಿಲ ಚೌಕಟ್ಟು ಹಿಡಿದು ಅಡ್ಡ ನಿಂತುಬಿಟ್ಟಳು.

"ನೀರು ಕುಡಿದ್ಯಲ್ಲ. ಈಗ ಹೇಳಿ ಹೋಗು. ನಿಮ್ಮಣ್ಣನೂ ಹೀಗೇ ನೀರು ಕುಡಿದು ಎದ್ರು. ಆವತ್ತು ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಈವತ್ತು ಬಿಡಲ್ಲ."

ಅವ್ವನ ಬಾಯಿಂದ ಬಂದ ಮಾತುಗಳನ್ನೆಲ್ಲ ನಾನು ಇಲ್ಲಿ ಹೇಳುವುದಿಲ್ಲ. "ಒಬ್ಬನ್ನ ನುಂಗಿ ನೀರು ಕುಡ್ದಿದ್ದು ಸಾಲ್ದೇನೇ ನಿಂಗೆ? ಇನ್ನೊಬ್ಬನ್ನೂ ನುಂಗ್ಬೇಕಾ? ಹಾಳಾದೋಳೇ, ಸರಿ ಅತ್ಲಾಗೆ!" ಎಂದು ಅವಳ ರಟ್ಟೆ ಹಿಡಿದು ಎಳೆದಳು. ಅತ್ತಿಗೆ ಜಗ್ಗಲಿಲ್ಲ. ಅವಳಿಗೆ ಅಷ್ಟು ಬಲ ಎಲ್ಲಿಂದ ಬಂತೋ.

"ಅತ್ತೆ, ನಾನು ಕೇಳಿದ್ದಕ್ಕೆ ಅವರು ಸಾಯಲಿಲ್ಲ. ಅವರು ಹೇಳದೆ ಹೋಗಿದ್ದಕ್ಕೆ ಸತ್ರು. ಹೊಳೆ ಆಚೆಗೆ ಅಂತ ಒಂದು ಮಾತು ಅಂದಿದ್ರೆ, ಹೊಳೆ ಬಂದಿದೆ ಕಣ್ರೀ, ಹೋಗ್ಬೇಡಿ ಅಂತ ಯಾರಾದ್ರೂ ಅಂತಿದ್ರು. ನಂಗೆ ಗೊತ್ತಿರ್ಲಿಲ್ಲ, ನಾನು ಹೊಸಬಳು. ಈ ಬೀದೀಲಿ ಯಾರಿಗೂ ಗೊತ್ತಿರ್ಲಿಲ್ವಾ? ಒಬ್ಬರಿಗಾದ್ರೂ?"

ಅವ್ವನ ಕೈ ಅವಳ ರಟ್ಟೆಯ ಮೇಲೆ ಹಾಗೇ ಉಳಿಯಿತು. ಕರಿಯಕ್ಕ ಅಂಗಳದಿಂದ ನಮ್ಮ ಕಡೆ ನೋಡುತ್ತಿದ್ದಳು. ಅವ್ವ ಒಮ್ಮೆ ಅವಳ ಕಡೆ ನೋಡಿ ತಲೆ ತಗ್ಗಿಸಿದಳು. ಆಮೇಲೆ ಇದ್ದಲ್ಲೇ ಕುಸಿದು ಹೊಸ್ತಿಲ ಮೇಲೆ ಕೂತಳು. ಹೊಸ್ತಿಲ ಮೇಲೆ ಕೂರಬಾರದು ಎಂದು ನಮಗೆಲ್ಲ ಹೊಡೆದು ಕಲಿಸಿದವಳು.

"ನಂಗೆ ಗೊತ್ತಿತ್ತು" ಅಂದಳು.

ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ ಎಂದುಕೊಂಡೆ.

"ಹೊಳೆ ಬಂದಿದೆ, ಅಂಬಿಗರು ದೋಣಿ ಬಿಡಲ್ವಂತೆ ಅಂತ ಕರಿಯಕ್ಕ ಬೆಳಿಗ್ಗೇನೇ ಬಂದು ಹೇಳಿದ್ಲು. ಲಿಂಗಪ್ಪ ನೀರು ಕುಡಿದು ಮತ್ತೆ ಕೊಡೆ ತಗೊಂಡಾಗ, ಹೊಳೆ ಕಡೆಗೇನೋ ಅಂತ ಕೇಳೋಣ ಅಂತ ನನ್ನ ಬಾಯಿಗೆ ಬಂತು. ಆದ್ರೆ ನೀನಾಗ್ಲೇ ಒಂದ್ಸಲ ಕೇಳಿಬಿಟ್ಟಿದ್ದೆ. ಇನ್ನೊಂದ್ಸಲ ಕೇಳಿದ್ರೆ ಪೂರ್ತಿ ಕೆಡತ್ತೆ ಅಂತ..." ಅವ್ವ ಎದೆ ಗುದ್ದಿಕೊಂಡಳು. "ನುಂಗ್ಕೊಂಡೆ ಕಣೇ. ಇಷ್ಟು ವರ್ಷ ಇಲ್ಲೇ ಇದೆ. ಕೆಳಗಿಳೀಲಿಲ್ಲ."

ನನಗೆ ಅವ್ವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ಹೆಣ್ಣನ್ನು ಇಷ್ಟು ವರ್ಷ ಒರಳುಕಲ್ಲಿನ ಪಕ್ಕ ಕೂರಿಸಿದಳಲ್ಲ ಪಾಪಿ ಎಂದು ಕಿರುಚಬೇಕೆನ್ನಿಸಿತು. ಆದರೆ ಹೊಸ್ತಿಲ ಮೇಲೆ ಮುದುಡಿ ಕೂತ ಮುದುಕಿಯನ್ನು ನೋಡಿದರೆ ಸಿಟ್ಟು ಎಲ್ಲಿ ನಿಲ್ಲುತ್ತದೆ? ಅತ್ತಿಗೆ ಚೌಕಟ್ಟಿನಿಂದ ಕೈ ತೆಗೆದಳು. ಅವ್ವನನ್ನು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಪಕ್ಕದಲ್ಲಿ ಕೂತಳು, ಅಷ್ಟೇ. ಅಷ್ಟು ಮಾಡಿದ್ದೇ ದೊಡ್ಡದು.

ವೀರಪ್ಪ ತಾನಾಗಿಯೇ ಬಾಯಿ ಬಿಟ್ಟ. "ಮಿಲಿಟರಿಗೆ ಅವ್ವಾ. ಸಹಿ ಹಾಕಿ ಆಯ್ತು. ವೈರ್‌ಲೆಸ್ ಕೆಲಸ. ಈಗ ಜಬಲ್ಪುರಕ್ಕೆ. ಅಲ್ಲಿ ಕಲಿಸ್ತಾರೆ."

ಇವರು ಅಲ್ಲೇ ನಿಂತಿದ್ದವರು, "ತೋಟ ಅಂತ ಬರೆದಿದ್ಯಲ್ಲೋ..." ಅಂದರು. ನಾನು ಇವರನ್ನು ಒಂದು ಸಲ ದುರುಗುಟ್ಟಿ ನೋಡಿದೆ.

ಅವ್ವ "ಹೋಗ್ಬೇಡ" ಅಂದಳು. ಅತ್ತಳು, ಬೈದಳು, ವೀರಭದ್ರನ ಆಣೆ ಹಾಕಿದಳು. ಈಗ ಹೋಗದಿದ್ದರೆ ಹಿಡಿದುಕೊಂಡು ಹೋಗುತ್ತಾರೆ ಎಂದು ವೀರಪ್ಪ ನಿಧಾನವಾಗಿ ಬಿಡಿಸಿ ಹೇಳಿದ. ಆಗ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು, ಅವನ ತೋಳು ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಲೇ ಕೇಳಲು ಶುರು ಮಾಡಿದಳು. ಜಬಲ್ಪುರ ಯಾವ ಕಡೆಗೆ? ಎಷ್ಟು ದಿನದ ದಾರಿ? ಯಾವ ರೈಲು? ಅಲ್ಲಿ ಅನ್ನ ಸಿಗತ್ತಾ, ರೊಟ್ಟಿನಾ? ಕಾಯಿಲೆ ಬಿದ್ರೆ ಯಾರು ನೋಡ್ತಾರೆ? ಲಿಂಗಪೂಜೆಗೆ ಜಾಗ ಇರತ್ತಾ? ಅಲ್ಲಿಂದ ಮುಂದೆ ಎಲ್ಲಿಗೆ? ಬೀದಿಯ ಹೆಂಗಸರು ಬಾಗಿಲಲ್ಲಿ ನಿಂತು ಬಾಯಿ ಮೇಲೆ ಬೆರಳಿಟ್ಟುಕೊಂಡು ನೋಡಿದರು. ಕಲ್ಲಮ್ಮನಿಗೆ ತಲೆ ಕೆಟ್ಟಿತು, ಹೊರಟ ಮಗನನ್ನು ದಾರಿಯುದ್ದಕ್ಕೂ ಎಲ್ಲಿಗೆ ಎಲ್ಲಿಗೆ ಎಂದು ಕೇಳುತ್ತಿದ್ದಾಳೆ ಎಂದು ಆಮೇಲೆ ಆಡಿಕೊಂಡರು. ಆಡಿಕೊಳ್ಳಲಿ.

ಆ ಕಾಲದ ಬಸ್ಸು ಇದ್ದಿಲಿನದು. ಪೆಟ್ರೋಲಿಗೆ ಯುದ್ಧದ ಬರ. ಹಿಂದಿನ ಒಲೆಗೆ ಇದ್ದಿಲು ಸುರಿದು, ಗಾಳಿ ತಿರುವಿ, ಹೊಗೆ ಎಬ್ಬಿಸಿ ಅದು ಮೈಮುರಿಯಬೇಕಾದರೆ ಬಹಳ ಹೊತ್ತು. ಆ ಹೊತ್ತಿನಲ್ಲಿ ಅವ್ವ ಹತ್ತು ವರ್ಷದ ಪ್ರಶ್ನೆ ಕೇಳಿದಳು. ವೀರಪ್ಪ ಎಲ್ಲಕ್ಕೂ ಉತ್ತರ ಕೊಟ್ಟ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದ. ಕೊನೆಗೆ ಅತ್ತಿಗೆಯ ಕಾಲು ಮುಟ್ಟಿ, "ಬರ್ತೀನಿ ಅತ್ತಿಗೆ" ಅಂದ. ವಿಧವೆಯ ಕಾಲು ಮುಟ್ಟಿ ಹೊರಟವನು ನಮ್ಮ ಊರಲ್ಲಿ ಅವನೇ ಮೊದಲಿಗನಿರಬೇಕು.

"ಹೋಗಿ ಬಾ" ಅಂದಳು ಅತ್ತಿಗೆ.

ಮನೆಗೆ ಬಂದ ಮೇಲೆ ಇವರು ಮೈಸೂರಿನ ಕಾಗದ ಕೈಗೆತ್ತಿಕೊಂಡು ಕೂತರು. "ನಾನೂ ಅವನನ್ನ ಅದೇ ಪ್ರಶ್ನೆ ಕೇಳಿದ್ದೆ ನೀಲಾ" ಅಂದರು. "ನೀವು ಕೇಳಿದ್ದು ಮೈಸೂರಿಗೆ ಬರೆಯೋದಕ್ಕೆ. ಅವಳು ಕೇಳಿದ್ದು ಅವನಿಗಾಗಿ" ಅಂದೆ. ಅಭಿನಂದನೆಯ ಕಾಗದಕ್ಕೆ ಕಟ್ಟು ಹಾಕಿಸುವ ಮಾತು ಮತ್ತೆ ಬರಲಿಲ್ಲ. ಹಿಂದಿನ ಕಾರ್ಡುಗಳಲ್ಲಿರುವುದು ಯಾವುದೂ ನಿಜವಲ್ಲ ಎಂದು ಇವರೇ ಯೂನಿವರ್ಸಿಟಿಗೆ ಬರೆದು ಹಾಕಿದರು. ಅದಕ್ಕೆ ಉತ್ತರ ಬರಲಿಲ್ಲ.

ಜಬಲ್ಪುರದಿಂದ ವೀರಪ್ಪನ ಕಾಗದಗಳು ಬಂದವು. ಅನ್ನ ಸಿಗುತ್ತದೆ, ಬೂಟು ಕಚ್ಚುತ್ತದೆ, ಪೂಜೆಗೆ ಮೂಲೆಯೊಂದು ಸಿಕ್ಕಿದೆ. ಅವ್ವ ಕೇಳಿದ್ದನ್ನೆಲ್ಲ ಒಂದೂ ಬಿಡದೆ ಬರೆದಿದ್ದ. ಅತ್ತಿಗೆ ನಡುಮನೆಯಲ್ಲಿ ಕೂತು ಓದುತ್ತಿದ್ದಳು, ಅವ್ವ ಎದುರಿಗೆ ಕೂತು ಕೇಳುತ್ತಿದ್ದಳು. ಅವರಿಬ್ಬರ ನಡುವೆ ಪ್ರೀತಿ ಬಂತೆಂದು ನಾನು ಹೇಳಲಾರೆ. ಮಾತು ಬಂತು. ಅತ್ತಿಗೆ "ಇನ್ನೊಂದು ರೊಟ್ಟಿ ಬೇಕಾ ಅತ್ತೆ?" ಎಂದು ಕೇಳಿದ ದಿನ ನಾನು ಬಾವಿಯ ಹತ್ತಿರ ಹೋಗಿ ಅತ್ತುಬಿಟ್ಟೆ.

ಮಳೆಗಾಲ ಮುಗಿಯುವ ಹೊತ್ತಿಗೆ ಬಂದ ಕಾಗದ ಬೇರೆ ಥರ ಇತ್ತು. ಮೇಲೆ ಊರಿನ ಹೆಸರಿಲ್ಲ, ಬರೀ ನಂಬರು. ನಡುನಡುವೆ ಸಾಲುಗಳ ಮೇಲೆ ಯಾರೋ ಕಪ್ಪು ಮಸಿ ಬಳಿದಿದ್ದರು. ಅತ್ತಿಗೆ ಓದುತ್ತ ಓದುತ್ತ ತಡವರಿಸಿದಳು.

"ಯಾಕೆ ನಿಲ್ಲಿಸ್ದೆ? ಎಲ್ಲಿದಾನಂತೆ?" ಅಂದಳು ಅವ್ವ.

"'ನಾನು ಕ್ಷೇಮ. ಎಲ್ಲಿದ್ದೇನೆ, ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಬರೆಯುವ ಹಾಗಿಲ್ಲ. ಅದು ಇಲ್ಲಿಯ ಕಾಯಿದೆ. ದೂರ ಎಂದು ತಿಳಿದುಕೊಳ್ಳಿ.'"

ಅವ್ವ ಆ ಕಾಗದ ಇಸಿದುಕೊಂಡಳು. ಅಕ್ಷರ ಬಾರದವಳು ಅದನ್ನು ಬೆಳಕಿಗೆ ಹಿಡಿದು, ಮಸಿಯ ಮೇಲೆ ಬೆರಳಾಡಿಸಿದಳು. ಇವರು ಯುದ್ಧದ ನಿಯಮವೆಂದು ಏನೋ ವಿವರಿಸಲು ಹೋದರು. ಅವ್ವ ಅತ್ತ ತಿರುಗಲೇ ಇಲ್ಲ.

"ಗಂಗಾ, ಒಂದು ಕಾರ್ಡು ತಗೋ" ಅಂದಳು. "ಬರಿ. ಎಲ್ಲಿಗೋ ಮಗಾ ಅಂತ ಬರಿ."

"ಹೇಳೋ ಹಾಗಿಲ್ವಂತೆ ಅತ್ತೆ. ಬರೆದ್ರೂ ಮಸಿ ಬಳೀತಾರಂತೆ."

"ಬಳೀಲಿ. ನಾಳೆ ಇನ್ನೊಂದು ಬರಿ. ನಾವು ಕೇಳೋದು ಬಿಡಬಾರದು."

ಅತ್ತಿಗೆ ಮೊಳಕಾಲಿನ ಮೇಲೆ ಹಲಗೆ ಇಟ್ಟುಕೊಂಡು, ಆ ನಂಬರನ್ನು ನೋಡಿ ನೋಡಿ ಮೇಲೆ ಬರೆದಳು. ಕೆಳಗೆ ಅವ್ವ ಹೇಳಿದ್ದನ್ನು ಬರೆದಳು.